ಹೊಳೆಯಲ್ಲಿ ನಾವು, ಫೋಟೊ ಬೇರೆಯವರ ಫೋನಿನಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಯಾಕ್ ಅನ್ನೋ ಕಿರಿದಾದ ಪುಟ್ಟ ದೋಣಿ ನಡೆಸುವವರ ಎರಡು ಕೈಯೂ ಹುಟ್ಟಿನ ಮೇಲಿರುತ್ತವೆ. ಸೊಂಟದಿಂದ ಕೆಳಗೆಲ್ಲ ದೋಣಿಯೊಳಗೆ. ನೀರು ಒಳಗೆ ನುಗ್ಗದಂತೆ ಸ್ಪ್ರೇ ಸ್ಕರ್ಟ್ ಬಿಗಿದಿರುತ್ತದೆ. ಹಾಗಿರುವಾಗ ನಮ್ಮ ಫೋಟೊ ನಾವೇ ತೆಗೆಯೋದು ಹೇಗೆ? ಹೆಲ್ಮೆಟ್‌ಗೆ ಕ್ಯಾಮೆರಾ ಕಟ್ಟಬಹುದು, ನಿಜ. ಆದರೆ ಅದರಲ್ಲಿ ದೋಣಿಯ ಮೂತಿ, ಎದುರಿನ ನೊರೆ ಕಾಣುತ್ತದೆ, ನಾವು ಕಾಣೋದಿಲ್ಲ. ಅದರ ಅಗಲ ಲೆನ್ಸಿನಲ್ಲಿ ನೀರು ಕೆಳಕ್ಕೆ ಬೀಳುವ ಎಂಥಾ ಧುಮುಕು ಕೂಡ ಸಣ್ಣದಾಗಿ ಕಾಣುತ್ತದೆ. ನಮ್ಮ ಒಳ್ಳೆಯ ಫೋಟೊ ದಡದಲ್ಲಿ ನಿಂತ ಬೇರೆಯವರ ಹತ್ತಿರವೇ ಇರುತ್ತದೆ. ಅದನ್ನು ಕೇಳಿ ಪಡೆಯಬೇಕು.

ನಮ್ಮ ಕೊಡಗಿನಲ್ಲಿ ಈ ಆಟಕ್ಕೆ ಕಾಲ ಅಂದರೆ ಮಳೆಗಾಲ. ಬ್ರಹ್ಮಗಿರಿ ಸಾಲಿನ ನೀರು ಹೊತ್ತು ಕೇರಳದ ಕಡೆ ಇಳಿಯುವ ಬರಪೊಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದುಂಬಿ ಹರಿಯುತ್ತದೆ. ಅಲ್ಲಿನ ಅಬ್ಬರದ ಜಾಗಗಳಿಗೆ ಮಾರ್ನಿಂಗ್ ಕಾಫಿ, ಬಿಗ್ ಬ್ಯಾಂಗ್ ಅಂತೆಲ್ಲ ಹೆಸರಿದೆ. ಕಷ್ಟ ಏನಂದರೆ, ನೀರು ಚೆನ್ನಾಗಿರುವ ಕಕ್ಕಡ ತಿಂಗಳಲ್ಲೇ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಬೆಳಕು ತೀರಾ ಕಡಿಮೆ. ಮೇಲೆ ಮೋಡ, ಎರಡೂ ದಡದಲ್ಲಿ ದಟ್ಟ ಕಾಡು.

ಹಾಗಾಗಿ ಫೋಟೊ ತೆಗೆಯುವ ಗೆಳೆಯರಿಗೆ ಬೆಳಿಗ್ಗೆಯೇ ನಾಲ್ಕು ಮಾತು ಹೇಳಿಡಿ. ಶಟರ್ ಸ್ಪೀಡ್ ಸೆಕೆಂಡಿನ 1000ದಲ್ಲಿ ಒಂದು ಪಾಲಾದರೂ ಇರಲಿ. ಅದಕ್ಕಿಂತ ತುಂಬಾ ನಿಧಾನವಾದರೆ ಹನಿಗಳೆಲ್ಲ ಗೆರೆಯಾಗಿ, ಮುಖ ಮಸುಕಾಗುತ್ತದೆ. ಅದಕ್ಕಾಗಿ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿ ಸ್ವಲ್ಪ ಕಾಳುಕಾಳು ಬಂದರೂ ಪರವಾಗಿಲ್ಲ. ಬಿಳಿ ನೊರೆ ಜಾಸ್ತಿ ಇದ್ದರೆ ಕ್ಯಾಮೆರಾ ಮೋಸಹೋಗಿ ಇಡೀ ಫೋಟೊವನ್ನು ಮಂಕು ಮಾಡುತ್ತದೆ. ಆಗ ಎಕ್ಸ್‌ಪೋಷರ್, ಅಂದರೆ ಫೋಟೊಗೆ ಸಿಗುವ ಬೆಳಕು, ಒಂಚೂರು ಮೇಲೆತ್ತಬೇಕು.

ನಿಲ್ಲುವ ಜಾಗ ಇದೆಲ್ಲಕ್ಕಿಂತ ಮುಖ್ಯ. ಸೇತುವೆ ಮೇಲಿಂದ ತೆಗೆದರೆ ಹೆಲ್ಮೆಟ್ ನೆತ್ತಿ ಮಾತ್ರ ಸಿಗುತ್ತದೆ. ಧುಮುಕಿನ ಕೆಳಗಡೆ, ನೀರಿನ ಮಟ್ಟಕ್ಕೆ ಹತ್ತಿರ ಕೂತು ಮೇಲ್ಮುಖವಾಗಿ ನೋಡಬೇಕು. ನೀರು ಬಾಗಿ ಇಳಿಯುವ ಅಂಚಿನಲ್ಲಿ ಕಯಾಕರ್ ಹುಟ್ಟನ್ನು ಜೋರಾಗಿ ಊರಿ, ಮೈ ಮುಂದಕ್ಕೆ ಬಾಗಿಸುತ್ತಾನೆ. ದೋಣಿಯ ಮೂತಿ ಮೇಲೇಳುತ್ತದೆ. ಇದಕ್ಕೆ ಬೂಫ್ ಅಂತೀವಿ. ಹುಟ್ಟು ಇನ್ನೂ ಅಂಚಿನಲ್ಲೇ ಇದೆ, ಮೂತಿ ಗಾಳಿಯಲ್ಲಿದೆ, ಕಣ್ಣು ಇಳಿಯುವ ಜಾಗದ ಮೇಲಿದೆ. ಬೇಕಾದ ಫೋಟೊ ಅದೇ. ಅದು ಅರೆಕ್ಷಣದ ಮಾತು, ಒಂದರ ಹಿಂದೊಂದು ಬೇಗ ಬೇಗ ಫೋಟೊ ತೆಗೆಯುವ ಬರ್ಸ್ಟ್ ಮೋಡ್ ಇಲ್ಲದೆ ಸಿಗೋದು ಕಷ್ಟ.

ಮಳೆಗಾಲದಲ್ಲಿ ಪಾಚಿ ಹಿಡಿದ ಬಂಡೆ ಸಿಕ್ಕಾಪಟ್ಟೆ ಜಾರುತ್ತದೆ. ಕ್ಯಾಮೆರಾ ಹಿಡಿದವರನ್ನು ಅಲ್ಲಿ ಒಂಟಿಯಾಗಿ ಬಿಡಬೇಡಿ. ಪಕ್ಕದಲ್ಲಿ ಥ್ರೋ ಬ್ಯಾಗ್, ಅಂದರೆ ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗದ ಚೀಲ, ಹಿಡಿದು ಇನ್ನೊಬ್ಬರು ಇರಲೇಬೇಕು. ಅಷ್ಟು ಜನ ಇಲ್ಲದಿದ್ದರೆ ಅವತ್ತು ಫೋಟೊ ಬೇಡ, ಹಗ್ಗ ಮಾತ್ರ ಸಾಕು.

ಇನ್ನು ಸಂಗ್ರಹಿಸುವ ಕೆಲಸ. ಹೊಳೆಗೆ ಇಳಿಯುವ ಮೊದಲು ಎಲ್ಲರ ಕ್ಯಾಮೆರಾ ಗಡಿಯಾರವನ್ನೂ ಒಂದೇ ಸಮಯಕ್ಕೆ ಹೊಂದಿಸಿ. ಸಂಜೆ ಎಲ್ಲ ಫೋಟೊ ಒಟ್ಟಿಗೆ ಹಾಕಿದಾಗ ಒಂದೇ ಧುಮುಕನ್ನು ಮೂರು ಕಡೆಯಿಂದ ಸಾಲಾಗಿ ನೋಡಬಹುದು. ಬಾಡಿಗೆಯ ಹೆಲ್ಮೆಟ್‌ಗಳು ಎಲ್ಲ ಒಂದೇ ಥರ ಇರುತ್ತವಲ್ವಾ? ನಿಮ್ಮದಕ್ಕೆ ಬಣ್ಣದ ಟೇಪ್ ಸುತ್ತಿಕೊಳ್ಳಿ. ಆಮೇಲೆ ಕಳಿಸ್ತೀನಿ ಅಂದವರು ಊರಿಗೆ ಹೋದ ಮೇಲೆ ಮರೆತುಬಿಡುತ್ತಾರೆ. ಹೋಂಸ್ಟೇಯಲ್ಲಿ ಬಟ್ಟೆ ಒಣಗಿಸುವ ಹೊತ್ತಲ್ಲೇ ತೆಗೆದುಕೊಳ್ಳಿ. ವಾಟ್ಸಾಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಸುಮ್ನೆ ಕಳಿಸಿದರೆ ಫೋಟೊ ಕುಗ್ಗುತ್ತದೆ. ಯಾರಾದರೂ 4ಕೆ ವಿಡಿಯೊ ತೆಗೆದಿದ್ದರೆ ಅದನ್ನೂ ಕೇಳಿ. ಅದರ ಒಂದೊಂದು ಫ್ರೇಮೂ ಸುಮಾರು 8 ಮೆಗಾಪಿಕ್ಸೆಲ್ ಇರುತ್ತದೆ, ಆಲ್ಬಮ್ಮಿಗೆ ಧಾರಾಳ ಸಾಕು.

ಮುಖ ನಮ್ಮದಾದರೂ ಫೋಟೊದ ಹಕ್ಕು ಸಾಮಾನ್ಯವಾಗಿ ತೆಗೆದವರದ್ದು. 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುವುದೂ ಅದನ್ನೇ. ಎಲ್ಲಾದರೂ ಹಾಕುವ ಮೊದಲು ಕೇಳಿ, ಅವರ ಹೆಸರು ಬರೆಯಿರಿ. ಮಳೆಯಲ್ಲಿ ನೆನೆದು, ಇಂಬಳ ಕಚ್ಚಿಸಿಕೊಂಡು ನಿಂತವರು ಅವರು.

ದೋಣಿ ಮಗುಚಿದ ಫೋಟೊಗಳನ್ನು ಅಳಿಸಬೇಡಿ. ಮೈ ಹಿಂದಕ್ಕೆ ವಾಲಿತ್ತೇ, ಹುಟ್ಟು ತಡವಾಯಿತೇ ಅನ್ನೋದು ಅದರಲ್ಲೇ ಗೊತ್ತಾಗೋದು. ದಿನಾಂಕ, ಹೊಳೆಯ ಹೆಸರು, ಹಿಂದಿನ ದಿನದ ಮಳೆ, ಇಷ್ಟನ್ನು ಜೊತೆಗೆ ಬರೆದಿಡಿ. ಒಂದೇ ಬಂಡೆ ಬೇರೆ ಬೇರೆ ವರ್ಷ ಎಷ್ಟು ಮುಳುಗಿತ್ತು ಅಂತ ನೋಡಿದರೆ ಮುಂದಿನ ಸಲ ಇಳಿಯಬೇಕೋ ಬೇಡವೋ ಅಂತ ಯೋಚಿಸಲು ಸಹಾಯವಾಗುತ್ತದೆ.

ಹೊಳೆ ಪಕ್ಕದ ತೋಟದವರಲ್ಲಿ ಒಂದು ಕೇಳಿಕೆ. ನಿಮ್ಮ ಫೋನಿನಲ್ಲೂ ಗುರುತಿಲ್ಲದ ಕಯಾಕರ್ ಒಬ್ಬರ ಫೋಟೊ ಇರಬಹುದು. ಅವರು ದಡ ಹತ್ತಿ ಬಂದಾಗ ಕರೆದು ತೋರಿಸಿ, ಅಲ್ಲೇ ಕಳಿಸಿಬಿಡಿ. ನಮಸ್ಕಾರ.