ಚೈನು ನಮ್ದೇ ಕಣ್ರೀ!

ನಮಸ್ಕಾರ, ಮಂಡ್ಯದಿಂದ ಮಾತಾಡ್ತಿದ್ದೀನಿ. ಹೋದ ವಾರ ಗಾಡಿ ಚೈನು ಬಿಗಿ ಮಾಡೋದು ಹೆಂಗೆ ಅಂತ ತೋರಿಸಿದ್ನಲ್ಲ, ಅದರ ಕೆಳಗೆ ಒಬ್ಬರು ಬರೆದವ್ರೆ: ‘ಕನ್ನಡ ಚಾನೆಲ್ ನಡೆಸೋರು ಚೈನು ಅಂತೀರಲ್ಲ, ಸರಪಳಿ ಅನ್ನೋಕೆ ನಾಚಿಕೆನಾ?’

ಸ್ವಾಮಿ, ನೀವು ಒಂದ್ಸಲ ಮೆಕ್ಯಾನಿಕ್ ಹತ್ರ ಹೋಗಿ ‘ಸರಪಳಿ ಬಿಗಿ ಮಾಡಪ್ಪ’ ಅನ್ನಿ. ಆನೆ ಎಲ್ಲಿ ಕಟ್ಟಿದ್ದೀರಾ ಅಂತ ಕೇಳ್ತಾನೆ!

ಸರಪಳಿ ಬೇಡ ಅಂತ ನಾನಂದ್ನಾ? ದಸರಾಗೆ ಮೈಸೂರಿಗೆ ಬರೋ ಆನೆ ಕಾಲಿಗೆ ಬೀಳೋದು ಸರಪಳಿ. 2024ರ ಸೆಪ್ಟೆಂಬರ್ 15ಕ್ಕೆ ಬೀದರ್‌ನಿಂದ ಚಾಮರಾಜನಗರದವರೆಗೆ ಜನ ಕೈ ಕೈ ಹಿಡ್ಕೊಂಡು ನಿಂತ್ರಲ್ಲ, ಅದು ಮಾನವ ಸರಪಳಿ. ಅದನ್ನ ಚೈನು ಅಂದ್ರೆ ನನ್ನ ಕಿವಿಗೂ ಒಗ್ಗಲ್ಲ. ಕೈದಿಗೆ ಸಂಕೋಲೆ. ಆದ್ರೆ ಸೈಕಲ್ಲಿಗೆ ಚೈನು. ಶಾಲೆಗೆ ಹೋಗುವಾಗ ನಾಲೆ ಏರಿ ಮೇಲೆ ಚೈನು ಕಳಚ್ಕೊಂಡ್ರೆ, ಒಂದು ಕಡ್ಡಿ ಮುರ್ದು, ಹಲ್ಲಿಗೆ ಕೂರ್ಸಿ, ಪೆಡ್ಲು ಹಿಂದಕ್ಕೆ ತಿರುಗ್ಸಿ, ಗ್ರೀಸ್ ಕೈನ ಹುಲ್ಲಿಗೆ ಒರೆಸ್ಕೊಂಡು ಓಡ್ತಿದ್ದೋರು ನಾವು. ಆ ಕರಿ ಕೈಗೆ ಗೊತ್ತು ಅದರ ಹೆಸರು ಏನು ಅಂತ. ಚೈನು ನಮ್ದೇ!

‘ಮೂಲ ಇಂಗ್ಲಿಷು’ ಅಂತೀರಾ? ಇಂಗ್ಲಿಷರು ಅದನ್ನ ಫ್ರೆಂಚರಿಂದ ತಂದ್ರು, ಫ್ರೆಂಚರಿಗೆ ಲ್ಯಾಟಿನ್ನಿಂದ ಬಂತು. ಅವರು ಕಡ ತಂದ್ರೆ ಭಾಷೆ ಬೆಳೀತು, ನಾವು ತಂದ್ರೆ ಕೆಡ್ತಾ?

ಈಗ ಕೇಳಿ, ಇದು ಮುಖ್ಯ. ಬ್ಯಾಗ್ ಬಾಯಿ ಮುಚ್ಚೋಕೆ ಎಳೀತೀವಲ್ಲ, ಅದಕ್ಕೆ ನಮ್ಮವ್ವ ಏನಂತಾರೆ? ‘ಚೈನು ಹಾಕ್ಲಾ, ಪುಸ್ತಕ ಬಿದ್ದೋಯ್ತವೆ.’ ಇಂಗ್ಲಿಷಿನವನು ಅದನ್ನ ಜಿಪ್ ಅಂತಾನೆ, ಚೈನು ಅನ್ನಲ್ಲ. ಗದ್ದೆ ಕೆಸರಲ್ಲಿ ಭತ್ತ ಕುಯ್ಯೋಕೆ ಟೈರಿನ ಮಿಷಿನ್ನು ಹೂತೋಯ್ತದೆ ಅಂತ ‘ಚೈನ್ ಮಿಷಿನ್ ಕಳ್ಸಣ್ಣ’ ಅಂತೀವಿ. ಅಲ್ಲಿ ಮಣ್ಣು ಮುಟ್ಟೋದು ರಬ್ಬರ್ ಪಟ್ಟಿ! ಅವರಿಗೆ ಹೊಳೀದೇ ಇರೋ ಅರ್ಥ ನಾವು ಕೊಟ್ಟಿದ್ದೀವಿ. ಅರ್ಥ ಕೊಟ್ಟೋರ ಸ್ವತ್ತು ಅದು.

ಅಂದಂಗೆ, ಇನ್ನೂ ಸಬ್‌ಸ್ಕ್ರೈಬ್ ಆಗಿಲ್ದೋರು ಆಗ್ಬುಡಿ, ಭಾನುವಾರ ಆಲೆಮನೆ ವಿಡಿಯೋ ಬತ್ತದೆ.

ಜಮೀನಿಗೆ ಬರೋಣ. ನಮ್ಮ ತಾತನಿಗೆ ಓದು ಬರ್ತಿರ್ಲಿಲ್ಲ. ಸರ್ವೆಯವರು ಬಂದ್ರೆ ಚೈನಿನ ಹಿಡಿ ಹಿಡ್ಕೊಂಡು ಬಾಂದ್ ಕಲ್ಲಿನ ಹತ್ರ ಕೂರೋರು. ಆ ಕಡೆಯವನು ಜಗ್ಗಿದ್ರೆ ಕೊಂಡಿಗೆ ಸಿಕ್ಕ ಗರಿಕೆನ ಒಂದೊಂದೇ ಬಿಡಿಸೋರು. ಡೊಂಕಾಗಿದ್ರೆ ಅಳತೆ ತಪ್ಪೋಯ್ತದೆ, ಪಕ್ಕದೋನ ಜೊತೆ ಜಗಳ ಆಯ್ತದೆ ಅಂತ. ಇಂಗ್ಲೆಂಡಿನಲ್ಲಿ 1620ರ ಸುಮಾರಿಗೆ ಎಡ್ಮಂಡ್ ಗುಂಟರ್ ಮಾಡಿದ್ದು 66 ಅಡಿ ಚೈನು, 100 ಕೊಂಡಿ. ಕ್ರಿಕೆಟ್ ಪಿಚ್ಚು 22 ಗಜ ಇರೋದು ಅದೇ ಉದ್ದ. ನಮ್ಮ ಹೊಲ ಅಳೆದ ಚೈನು ಅದರರ್ಧ, 33 ಅಡಿ. ಅದರಲ್ಲಿ ಎಷ್ಟು ಭಾಗ? 16 ಆಣೆ! ನಮ್ಮ ಆಣೆ ಲೆಕ್ಕ ಅದರೊಳಗೆ ಕೂತ್ಬುಡ್ತು. ಉದ್ದ ಒಂದು ಚೈನು, ಅಗಲ ಒಂದು ಚೈನು, 1089 ಚದರಡಿ, ಅದೇ ಒಂದು ಗುಂಟೆ. ಅಂಥ 40 ಸೇರಿದ್ರೆ ಎಕರೆ. ನಿಮ್ಮ ಪಹಣಿ ತೆಗ್ದು ನೋಡಿ, ಅಷ್ಟೂ ಗುಂಟೆ ಚೈನಿನ ಲೆಕ್ಕವೇ. ನಮ್ಮ ತಾತ ಹಿಡ್ದಿದ್ದನ್ನ ಪರಭಾಷೆ ಅಂತೀರಾ ನನ್ನ ಮುಂದೆ?

ರೈಲಲ್ಲಿ ಎಳೆಯೋದೂ ಚೈನೇ. ಸುಮ್ಮನೆ ಎಳೆದ್ರೆ ಒಂದು ವರ್ಷದವರೆಗೆ ಜೈಲು, ಇಲ್ಲ 1000 ರೂಪಾಯಿವರೆಗೆ ದಂಡ, ಎರಡೂ ಬಿದ್ರೂ ಬೀಳಬಹುದು. ಎಳೀಬೇಡಿ.

ಪೇಪರಲ್ಲಿ ‘ಸರಗಳ್ಳತನ’ ಅಂತ ಬರೀತಾರೆ, ಒಪ್ತೀನಿ, ಚೆಂದದ ಪದ. ಆದ್ರೆ ಕತ್ತು ಹಿಡ್ಕೊಂಡು ಬೀದಿಲಿ ಕೂಗೋ ಹೆಂಗಸು ಏನಂತ ಕೂಗ್ತಾಳೆ? ‘ಅಯ್ಯೋ, ಚೈನು ಕಿತ್ಕೊಂಡೋದ!’ ಅಲ್ಲಿ ಹೋಗಿ ತಿದ್ತೀರಾ ಅವಳ ಕನ್ನಡನ? ಧೈರ್ಯ ಇದ್ರೆ ತಿದ್ದಿ!

ಬ್ಲಾಕ್‌ಚೈನಿಗೆ ಏನಂತೀರಿ ಅಂತ ಇನ್ನೊಬ್ರು ಕೇಳವ್ರೆ. ಅದು ನಂಗೆ ಬೇಡ. ನಮ್ಮೂರ ಚೈನು ಸಾಕು. ಚೈನು ನಮ್ದು, ಇವತ್ತೂ ನಮ್ದು, ನಾಳೆನೂ ನಮ್ದೇ.

ನಿಮ್ಮ ಮನೇಲಿ ಇನ್ಯಾವುದಕ್ಕೆ ಚೈನು ಅಂತೀರಿ, ಕೆಳಗೆ ಬರೀರಿ, ಎಲ್ಲಾನೂ ಓದ್ತೀನಿ. ಕ್ಯಾಮೆರಾ ಬ್ಯಾಗ್ ಚೈನು ಹಾಕ್ಕೊಂಡು ಹೊರಡ್ತೀನಿ, ಗದ್ದೆ ಹತ್ರ ಮಿಷಿನ್ನು ಬಂದದಂತೆ.