ಜಾನ್ ಕೋಲ್ಮನ್: ಗೋಲು ನಿಂತ ಮೇಲೂ ಮುಗಿಯದ ಆಟ

ಕೇಳುಗರೇ, ನಮಸ್ಕಾರ.

ಆಸ್ಟ್ರೇಲಿಯಾ ಅಂದ ತಕ್ಷಣ ನಮಗೆ ನೆನಪಾಗುವುದು ಕ್ರಿಕೆಟ್, ಅಲ್ವಾ? ಆದರೆ ಚಳಿಗಾಲ ಬಂತೆಂದರೆ ಮೆಲ್ಬರ್ನ್ ಜನಕ್ಕೆ ಫೂಟಿಯದೇ, ಅಂದರೆ ಆಸ್ಟ್ರೇಲಿಯಾದ್ದೇ ಆದ ಫುಟ್‌ಬಾಲ್‌ನದೇ ಹುಚ್ಚು. ಮೊಟ್ಟೆಯಾಕಾರದ ಚೆಂಡು, ತಂಡಕ್ಕೆ 18 ಆಟಗಾರರು, ಒಂದು ಗೋಲಿಗೆ 6 ಅಂಕ. ಇವತ್ತು ಆ ಆಟದ ಜಾನ್ ಕೋಲ್ಮನ್ ಅವರ ಬಗ್ಗೆ ಹೇಳುತ್ತೇನೆ.

1949ರಲ್ಲಿ ಎಸೆಂಡನ್ ತಂಡ ಸೇರಿದಾಗ ಅವರಿಗೆ 20 ವರ್ಷ. ಹಾಥಾರ್ನ್ ವಿರುದ್ಧದ ಮೊದಲ ಪಂದ್ಯದಲ್ಲೇ 12 ಗೋಲು! ಅದೇ ವರ್ಷದ ಫೈನಲ್‌ನಲ್ಲಿ ಎಸೆಂಡನ್ ಗೆದ್ದಿತು. ಆಟ ಮುಗಿಯಲು ಕೆಲವೇ ನಿಮಿಷ ಇದ್ದಾಗ ಕೋಲ್ಮನ್ ತಮ್ಮ ನೂರನೇ ಗೋಲು ಹೊಡೆದರು.

ಅವರ ಶಕ್ತಿ ಇದ್ದದ್ದು ಜಿಗಿತದಲ್ಲಿ. ಬೇರೆ ಆಟಗಾರ ದೂರದಿಂದ ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದರೆ ಅದು ಮಾರ್ಕ್. ಆಮೇಲೆ ಯಾರೂ ಅಡ್ಡಿಪಡಿಸುವಂತಿಲ್ಲ, ಸಾವಕಾಶವಾಗಿ ಗುರಿಯಿಟ್ಟು ಒದೆಯಬಹುದು. ಕೋಲ್ಮನ್ ಎದುರಾಳಿಗಳ ತಲೆಗಿಂತ ಮೇಲಕ್ಕೆ ಎಗರಿ ಚೆಂಡು ಹಿಡಿಯುತ್ತಿದ್ದರು. ಅಷ್ಟೆತ್ತರದಿಂದ ಇಳಿಯುವಾಗ ಭಾರವೆಲ್ಲ ಬೀಳುವುದು ಮೊಣಕಾಲಿನ ಮೇಲೆ.

1951ರಲ್ಲಿ ಫೈನಲ್ ಹಂತಕ್ಕೆ ಮುಂಚೆ ಒಬ್ಬ ಎದುರಾಳಿ ಕೋಲ್ಮನ್‌ಗೆ ಹೊಡೆದ. ಇವರೂ ತಿರುಗಿ ಹೊಡೆದರು. ಇಬ್ಬರಿಗೂ ನಾಲ್ಕು ಪಂದ್ಯಗಳ ನಿಷೇಧ. ಕೋಲ್ಮನ್ ಇಲ್ಲದ ಎಸೆಂಡನ್ ಫೈನಲ್‌ನಲ್ಲಿ 11 ಅಂಕಗಳಿಂದ ಸೋತಿತು. ಕೆಣಕಿದವನಿಗೂ ಕೆಣಕಿಸಿಕೊಂಡವನಿಗೂ ಒಂದೇ ಶಿಕ್ಷೆ ಅನ್ನೋದು ನನಗಂತೂ ಇವತ್ತಿಗೂ ಒಪ್ಪಿಗೆಯಾಗುವುದಿಲ್ಲ.

1954ರಲ್ಲಿ ಫಿಟ್ಜ್‌ರಾಯ್ ವಿರುದ್ಧ 14 ಗೋಲು ಹೊಡೆದರು. ಅದರ ಮುಂದಿನ ಪಂದ್ಯದಲ್ಲೇ ಮೊಣಕಾಲಿನ ಕೀಲು ತಪ್ಪಿತು. ಮತ್ತೆ ಆಡಲು ಆಗಲೇ ಇಲ್ಲ. 98 ಪಂದ್ಯ, 537 ಗೋಲು. ಆಗ ವಯಸ್ಸು ಬರೀ 25.

ಅವರ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ಮರುಗುತ್ತಾರೆ. ನನಗೆ ಜಾಸ್ತಿ ಇಷ್ಟವಾಗುವುದು ಆಮೇಲಿನ ಭಾಗ. 1961ರಲ್ಲಿ ಅವರು ಅದೇ ಎಸೆಂಡನ್‌ಗೆ ಕೋಚ್ ಆಗಿ ಬಂದರು. ಮರುವರ್ಷವೇ ಕಾರ್ಲ್ಟನ್ ತಂಡವನ್ನು ಸೋಲಿಸಿ ಕಪ್ ಗೆದ್ದುಕೊಟ್ಟರು. 1965ರಲ್ಲಂತೂ ಲೀಗ್ ಪಟ್ಟಿಯಲ್ಲಿ ನಾಲ್ಕನೇ ಸ್ಥಾನದಲ್ಲಿದ್ದ ತಂಡ ಒಂದೊಂದೇ ಪಂದ್ಯ ಗೆಲ್ಲುತ್ತಾ ಬಂದು, ಫೈನಲ್‌ನಲ್ಲಿ ಸೇಂಟ್ ಕಿಲ್ಡಾವನ್ನು 35 ಅಂಕಗಳಿಂದ ಮಣಿಸಿತು. ಕಾಲು ಕೈಕೊಟ್ಟ ಮನುಷ್ಯ ಬೇರೆಯವರ ಕಾಲಿನಿಂದ ಆಡಿಸಿ ಗೆದ್ದ ಕಪ್ ಅದು. ಸುಮ್ನೆ ಆಗುವ ಕೆಲಸವಲ್ಲ.

1967ರ ತನಕ ಕೋಚ್ ಆಗಿದ್ದರು. 1973ರಲ್ಲಿ, 44ನೇ ವಯಸ್ಸಿನಲ್ಲಿ, ಹೃದಯದ ಕಾಯಿಲೆಯಿಂದ ತೀರಿಕೊಂಡರು. ಈಗ ಪ್ರತಿವರ್ಷ ಲೀಗ್ ಹಂತದಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೋಲ್ಮನ್ ಪದಕ ಕೊಡುತ್ತಾರೆ. ಆ ಪದಕ ಎಣಿಸುವುದು ಗೋಲುಗಳನ್ನು ಮಾತ್ರ. ಅವರ ಹೆಸರು ಬಂದಾಗ 1962 ಮತ್ತು 1965ರ ಆ ಎರಡು ಕಪ್‌ಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ನಮಸ್ಕಾರ.