ಇಡ್ಲಿ ತಟ್ಟೆಯಲ್ಲಿ ನಾಯಿಗೊಂದು ಐಸ್

ಎಲ್ಲರಿಗೂ ನಮಸ್ಕಾರ. ನಮ್ಮ ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ದಿನಾ ಬೆಳಿಗ್ಗೆ ನಾಯಿ ಹಿಡ್ಕೊಂಡು ಅಡ್ಡಾಡೋ ಮುಖಗಳೇ ಇಲ್ಲಿ ಜಾಸ್ತಿ ಕಾಣ್ತಿವೆ. ನಿಮ್ಮಲ್ಲಿ ಅರ್ಧ ಜನರ ಹೆಸರು ನಂಗೆ ಗೊತ್ತಿಲ್ಲ, ನಿಮ್ಮ ನಾಯಿಗಳ ಹೆಸರು ಮಾತ್ರ ಎಲ್ಲಾ ಬಾಯಿಪಾಠ. ನಾನು 28 ವರ್ಷ ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಟ್ಟವಳು, ಪಶುವೈದ್ಯೆ ಅಲ್ಲ. ಅಡುಗೆಮನೆ, ಫ್ರೀಜರ್ ವಿಷಯ ಎಷ್ಟು ಬೇಕಾದ್ರೂ ಕೇಳಿ. ಕಾಯಿಲೆ ವಿಷಯ ಬಂತು ಅಂದ್ರೆ ಡಾಕ್ಟರ್ ಬಾಗಿಲು ತೋರಿಸ್ತೀನಿ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. ನಮ್ಮ ಕೆಂಚ ಬೀದಿಯಿಂದ ಬಂದು ಮನೆ ಸೇರಿದೋನು. ಒಂದು ಏಪ್ರಿಲ್ ಮಧ್ಯಾಹ್ನ ನಾಲಿಗೆ ಮೊಳದುದ್ದ ಹಾಕ್ಕೊಂಡು ಬಚ್ಚಲ ಮನೇಲಿ ಬಿದ್ದಿದ್ದ. ಕರುಳು ಚುರ್ ಅಂತು. ಸ್ಟೀಲ್ ಲೋಟದಲ್ಲಿ ನೀರಿಟ್ಟು ಗಟ್ಟಿ ಮಾಡಿ, ಲೋಟದಾಕಾರದ ಐಸ್ ಗಡ್ಡೆನ ಹಾಗೇ ಅವನ ಮುಂದೆ ಇಟ್ಟೆ. ಎರಡು ಸಲ ನೆಕ್ಕಿದ, ಮೂರನೇದಕ್ಕೆ ಕಡಿದ. ಕಟಕ್ ಅಂತ ಸದ್ದು ಬಂತು, ಐಸ್ ಒಡೀತು ಅಂದ್ಕೊಂಡೆ. ಸಂಜೆ ನೋಡ್ತೀನಿ, ಒಂದೇ ಪಕ್ಕದಲ್ಲಿ ಅಗೀತಾ ಇದಾನೆ. ಮೇಲಿನ ದವಡೆಯ ದೊಡ್ಡ ಹಲ್ಲು, ಮೂಳೆ ಕಡಿಯೋ ಹಲ್ಲು, ಅದರ ಹೊರಮೈ ಚಕ್ಕೆ ಎದ್ದಿತ್ತು. ಗಟ್ಟಿ ವಸ್ತು ಕಡಿದಾಗ ನಾಯಿಗಳಲ್ಲಿ ಹೀಗೆ ಚಕ್ಕೆ ಏಳೋದು ಹೆಚ್ಚಾಗಿ ಇದೇ ಹಲ್ಲು. ಡಾಕ್ಟರು ಬೈಲಿಲ್ಲ, ಒಂದು ಮಾತು ಹೇಳಿದ್ರು: "ಹೆಬ್ಬೆರಳ ಉಗುರಿಂದ ಒತ್ತಿದ್ರೆ ಗುರುತು ಬೀಳದಂಥ ಗಟ್ಟಿ ವಸ್ತು ಕಡಿಯೋಕೆ ಕೊಡಬೇಡಿ ಮೇಡಂ." ಆ ಹಲ್ಲು ತೆಗೆಸಬೇಕಾಯ್ತು.

ಆಮೇಲೆ ಕೂತು ಯೋಚನೆ ಮಾಡಿದೆ. ಬರೀ ನೀರು ಹೆಪ್ಪುಗಟ್ಟಿದ್ರೆ ಹರಳಿಗೆ ಹರಳು ಬೆಸೆದು ಕಲ್ಲಾಗುತ್ತೆ. ಮೊಸರು, ಹಣ್ಣು ಹಾಕಿದ್ರೆ ಕೊಬ್ಬು, ನಾರು, ಹಣ್ಣಿನ ಸಕ್ಕರೆ ಹರಳುಗಳ ನಡುವೆ ನುಸುಳಿ ಬೆಸುಗೆ ಬಿಡಿಸುತ್ತವೆ. ಸಕ್ಕರೆ ಕರಗಿರೋ ನೀರು ಸೊನ್ನೆ ಡಿಗ್ರಿಗೇ ಪೂರ್ತಿ ಗಟ್ಟಿಯಾಗೋದೂ ಇಲ್ಲ. ಫ್ರೀಜರಿಂದ ತೆಗೆದು ಹತ್ತು ನಿಮಿಷ ಬಿಟ್ರೆ ಉಗುರು ಇಳಿಯುತ್ತೆ. ಅಷ್ಟಾದ್ರೆ ಸಾಕು.

ಮಾಡೋ ಕ್ರಮ ಹೇಳ್ತೀನಿ. ಒಂದು ಬಟ್ಟಲು ಗಟ್ಟಿ ಮೊಸರು, ಹುಳಿ ಬರದ್ದು. ಪೂರ್ತಿ ಕಳಿತ ಒಂದು ಬಾಳೆಹಣ್ಣು. ಅರ್ಧ ಬಟ್ಟಲು ಕಲ್ಲಂಗಡಿ ತಿರುಳು. ಬೀಜ, ಸಿಪ್ಪೆ ಎರಡೂ ತೆಗೆದು. ಮಿಕ್ಸಿ ಬೇಡ, ಕೈಯಲ್ಲೇ ಕಿವುಚಿ. ಇಡ್ಲಿ ತಟ್ಟೆ ಗುಳಿಗಳಿಗೆ ಅರ್ಧರ್ಧ ಹುಯ್ಯಿರಿ, ಸ್ಟ್ಯಾಂಡ್ ಸಮೇತ ಫ್ರೀಜರಿಗೆ. ತೂತಿನ ತಟ್ಟೆ ಆದ್ರೆ ಸೋರುತ್ತೆ, ತೂತಿಲ್ಲದ್ದು ತಗೊಳ್ಳಿ. ರಾತ್ರಿ ಇಟ್ರೆ ಬೆಳಿಗ್ಗೆಗೆ ರೆಡಿ. ತಟ್ಟೆಯ ತಳಕ್ಕೆ ಒಂದು ಕ್ಷಣ ನಲ್ಲಿ ನೀರು ಬಿಟ್ಟರೆ ಬಿಲ್ಲೆ ತಾನೇ ಜಾರಿ ಬರುತ್ತೆ. ತಟ್ಟೆ ಸಮೇತ ನಾಯಿ ಮುಂದಿಡಬೇಡಿ, ಹೆಪ್ಪುಗಟ್ಟಿದ ಲೋಹಕ್ಕೆ ಒದ್ದೆ ನಾಲಿಗೆ ಅಂಟಿಕೊಳ್ಳುತ್ತೆ. ಬೇರೆ ಬಟ್ಟಲಿಗೆ ಹಾಕಿ, ಬಟ್ಟಲ ಕೆಳಗೆ ಒದ್ದೆ ಬಟ್ಟೆ ಇಡಿ. ಇಲ್ಲಾಂದ್ರೆ ಕೆಂಚನ ಹಾಗೆ ಹಾಲ್‌ನಿಂದ ಶುರುಮಾಡಿ ದೇವರ ಮನೆ ಹೊಸ್ತಿಲವರೆಗೆ ಬಟ್ಟಲು ತಳ್ಳಿಕೊಂಡು ಹೋಗಿ, ಅಲ್ಲಿ ಗೋಡೆಗೆ ಒತ್ತಿ ಹಿಡಿದು ನೆಕ್ಕುತ್ತೆ. ಚನ್ನಗಿರಿ ಕಡೆಯಿಂದ ತಂದ ಅಡಿಕೆ ಹಾಳೆ ಬಟ್ಟಲಲ್ಲೂ ಒಂದು ಸಲ ಪ್ರಯತ್ನ ಮಾಡಿದೆ. ಮೊಸರು ಬಿಟ್ಟು ಬಟ್ಟಲು ತಿಂದ.

ಹಾಲು ಯಾಕಲ್ಲ, ಮೊಸರೇ ಯಾಕೆ ಅಂತ ಕೇಳ್ತೀರಿ. ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆ ಅರಗಿಸೋ ಶಕ್ತಿ ಕಡಿಮೆಯಾಗಿರುತ್ತೆ, ಕೆಲವಕ್ಕೆ ಭೇದಿ ಶುರುವಾಗುತ್ತೆ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾ ಆ ಸಕ್ಕರೆನ ಒಂದಿಷ್ಟು ತಿಂದು ಮುಗಿಸಿರುತ್ತವೆ. ಮೈಲಾರಲಿಂಗನ ಒಕ್ಕಲು ಮನೆಗಳಲ್ಲಿ ದೋಣಿ ತುಂಬಿಸೋದನ್ನ ನಿಮ್ಮಲ್ಲಿ ಕೆಲವರಾದ್ರೂ ನೋಡಿರ್ತೀರಿ. ಹಾಲು, ಬಾಳೆಹಣ್ಣು, ಬೆಲ್ಲ, ತುಪ್ಪ ದೋಣಿ ಅನ್ನೋ ಪಾತ್ರೆಗೆ ಹಾಕ್ತಾರೆ, ಮೈಲಾರನ ಭಕ್ತರಾದ ಗೊರವಯ್ಯಗಳು ನಾಯಿ ಹಾಗೆ ಬೊಗಳ್ತಾ ಬಾಯಿ ಹಾಕಿ ತಿಂತಾರೆ. ನನ್ನ ಬಿಲ್ಲೆ ಅದರ ತಮ್ಮ ಅಂದ್ಕೊಳ್ಳಿ. ಬೆಲ್ಲ ತೆಗೆದೆ, ತುಪ್ಪ ತೆಗೆದೆ, ಹಾಲಿನ ಜಾಗಕ್ಕೆ ಮೊಸರು ಬಂತು.

ಹೀಗೆ ತೆಗೆಯೋದರಲ್ಲೇ ಇರೋದು ಕಷ್ಟ. ಬೆಣ್ಣೆ ದೋಸೆ ಊರಿನವರು ನಾವು. ಮನೆಗೆ ಬಂದೋರಿಗೆ ಬೇಡ ಬೇಡ ಅಂದ್ರೂ ಇನ್ನೊಂದು ಬೆಣ್ಣೆ ಉಂಡೆ ಬೀಳಿಸೋ ಕೈ ನಮ್ಮದು. ಆ ಕೈನ ನಾಯಿ ಬಟ್ಟಲ ಮುಂದೆ ಕಟ್ಟಿಹಾಕ್ಬೇಕು. ಒಂದೇ ಸಲಕ್ಕೆ ಜಾಸ್ತಿ ಬೆಣ್ಣೆ, ಕೊಬ್ಬು ಹೊಟ್ಟೆಗೆ ಹೋದ್ರೆ ನಾಯಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳೋದುಂಟು. ವಾಂತಿ, ಹೊಟ್ಟೆನೋವು, ಆಸ್ಪತ್ರೆ. ಕೋಳಿ ಬೇಯಿಸಿದ ನೀರನ್ನ ಐಸ್ ಮಾಡೋರಿದ್ದೀರಿ, ಉಗುರು ಇಳಿಯೋಷ್ಟು ಮೆತ್ತಗಾದ ಮೇಲೆ ಕೊಟ್ರೆ ಒಳ್ಳೇದೇ. ಆದ್ರೆ ಒಂದು ರಾತ್ರಿ ಫ್ರಿಜ್ಜಲ್ಲಿಟ್ಟು ಮೇಲೆ ಕಟ್ಟಿದ ಕೊಬ್ಬು ಚಮಚದಲ್ಲಿ ಎತ್ತಿ ಬಿಸಾಡಿ, ಮೂಳೆ ಚೂರು ಉಳಿಯದ ಹಾಗೆ ಸೋಸಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ್ದಾಗಿರಬೇಕು.

ಈರುಳ್ಳಿ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು. ಪಕ್ಕದ ಚಿತ್ರದುರ್ಗ ಜಿಲ್ಲೆಯಿಂದ ಲಾರಿಗಟ್ಟಲೆ ಈರುಳ್ಳಿ ಬರುತ್ತೆ, ಅದಿಲ್ಲದೆ ನಮ್ಮ ಒಲೆ ಹತ್ತಲ್ಲ. ಅದರಲ್ಲಿರೋ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನ ಹಾಳುಮಾಡ್ತವೆ, ಕಣಗಳು ಒಡೀತವೆ. ಬೇಯಿಸಿದ್ರೂ, ಒಣಗಿಸಿ ಪುಡಿ ಮಾಡಿದ್ರೂ ಗುಣ ಬಿಡಲ್ಲ. ಲಕ್ಷಣ ಕಾಣೋಕೆ ಕೆಲವು ದಿನ ಬೇಕಾಗೋದ್ರಿಂದ "ಮೊನ್ನೆ ತಿಂದಿದ್ದ, ಏನೂ ಆಗ್ಲಿಲ್ಲ" ಅನ್ನೋ ಧೈರ್ಯಕ್ಕೆ ಬೆಲೆ ಇಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸ್ತವೆ. ಅದಕ್ಕೆ ಕಾರಣ ಟಾರ್ಟಾರಿಕ್ ಆಮ್ಲ ಇರಬಹುದು ಅನ್ನೋದು ಈಚಿನ ಅನುಮಾನ. ಅದೇ ಆಮ್ಲ ತುಂಬಿರೋದು ನಮ್ಮ ಹುಣಸೆಹಣ್ಣಲ್ಲಿ. ಹಾಗಾಗಿ ಪಾನಕ, ಹುಣಸೆ ಶರಬತ್ತು ಉಳೀತು ಅಂತ ನಾಯಿಗೆ ಐಸ್ ಮಾಡೋಕೆ ಹೋಗ್ಬೇಡಿ. ಮಸಾಲೆ ಮಜ್ಜಿಗೆನೂ ಬೇಡ. ಚಾಕೊಲೇಟ್ ವಿಷ ಅನ್ನೋದು ಎಲ್ಲರಿಗೂ ಗೊತ್ತು, ಅಲ್ಲಿ ನಿಲ್ಲಲ್ಲ.

ನಿಲ್ಲೋದು ಸಕ್ಕರೆ ಕಾಯಿಲೆ ಇರೋರ ಮನೇಲಿ. ಈಗ ಅಂಥ ಮನೆ ಬೀದಿಗೆ ಮೂರು ನಾಲ್ಕಾದ್ರೂ ಇರ್ತವೆ, ನಮ್ಮದೂ ಒಂದು. ಸಕ್ಕರೆ ಹಾಕಿಲ್ಲ ಅಂತ ಬರೆದಿರೋ ಐಸ್‌ಕ್ರೀಮ್, ಚೂಯಿಂಗ್ ಗಮ್, ಶೇಂಗಾ ಬೆಣ್ಣೆ ಇವುಗಳಲ್ಲಿ ಕೆಲವಕ್ಕೆ ಝೈಲಿಟಾಲ್ ಅನ್ನೋ ಸಿಹಿ ಸೇರಿಸಿರ್ತಾರೆ. ಮನುಷ್ಯರಿಗೆ ತೊಂದರೆ ಇಲ್ಲ. ನಾಯಿಯ ಮೈ ಮಾತ್ರ ಅದನ್ನ ಸಕ್ಕರೆ ಅಂತ ನಂಬಿ ಇನ್ಸುಲಿನ್ ಸುರಿಯುತ್ತೆ. ಗಂಟೆ ಕಳೆಯೋದ್ರೊಳಗೆ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದು ನಾಯಿ ತೂರಾಡಬಹುದು, ಫಿಟ್ಸ್ ಬರಬಹುದು, ಪಿತ್ತಜನಕಾಂಗಕ್ಕೂ ಪೆಟ್ಟು ಬೀಳಬಹುದು. ಡಬ್ಬಿ ಹಿಂದಿನ ಸಣ್ಣ ಅಕ್ಷರ ಓದಿ. ಕನ್ನಡಕ ಹುಡುಕೋಕೆ ಬೇಜಾರಾದ್ರೆ ಕೊಡಬೇಡಿ.

ಶೇಂಗಾ ಬೇಕೇ ಬೇಕು ಅನ್ನೋರು ಮನೇಲೇ ಮಾಡಿ. ಚಳ್ಳಕೆರೆ ಶೇಂಗಾ ಕೈಗೆಟುಕೋ ದೂರದಲ್ಲಿರುವಾಗ ಡಬ್ಬಿ ಯಾಕೆ? ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ಕೇರಿ, ಮಿಕ್ಸೀಲಿ ಎಣ್ಣೆ ಬಿಡೋವರೆಗೆ ತಿರುಗಿಸಿ. ಉಪ್ಪು ಬೇಡ, ಬೆಲ್ಲ ಬೇಡ. ಆದ್ರೆ ಹುರಿಯೋ ಮುಂಚೆ ಒಂದೊಂದೇ ಬೀಜ ಆರಿಸಬೇಕು. ಬೂಷ್ಟು ಹಿಡಿದದ್ದು, ಸುಕ್ಕಾದದ್ದು, ಕಪ್ಪಾದದ್ದು ಎಲ್ಲಾ ಆಚೆಗೆ. ಶೇಂಗಾ ಬೂಷ್ಟಿನಲ್ಲಿ ಹುಟ್ಟೋ ಅಫ್ಲಾಟಾಕ್ಸಿನ್ ವಿಷಕ್ಕೆ ನಾಯಿ ಬಹಳ ಬೇಗ ಬಲಿಯಾಗುತ್ತೆ, ಹುರಿದ ಮಾತ್ರಕ್ಕೆ ಅದು ಪೂರ್ತಿ ಹೋಗಲ್ಲ. ಹತ್ತು ಬಿಲ್ಲೆಗೆ ಒಂದು ಚಮಚ ಸಾಕು, ವಾಸನೆಗೆ ಅಷ್ಟೇ. ಶೇಂಗಾ ಚಟ್ನಿಪುಡಿ ಹಾಕಿದ್ರೆ ಆಗಲ್ವಾ ಅಂತ ಒಬ್ಬರು ಕೇಳಿದ್ರು. ಬೆಳ್ಳುಳ್ಳಿ, ಖಾರ, ಉಪ್ಪು ಮೂರೂ ಅದರಲ್ಲಿದೆ ತಾಯಿ.

ಇನ್ನು ಒಂದು ಲೆಕ್ಕ, ಮೇಷ್ಟ್ರು ಚಟ ಬಿಡಲ್ಲ. ಒಂದು ಗ್ರಾಂ ಐಸ್ ಕರಗೋಕೆ ಸುಮಾರು 80 ಕ್ಯಾಲೊರಿ ಶಾಖ ಬೇಕು, ಕರಗಿದ ನೀರು ಮೈ ಬಿಸಿಗೆ ಏರೋಕೆ ಇನ್ನೊಂದು 38. ಬಿಲ್ಲೆಯ ತೂಕ 30 ಗ್ರಾಂ ಅಂದ್ಕೊಳ್ಳಿ. ಬಿಲ್ಲೆ ಪೂರ್ತಿ ನೀರೇ ಅಂತ ಹಿಡಿದ್ರೂ 20 ಕಿಲೋ ನಾಯಿಯ ಮೈಯಿಂದ ಅದು ಎಳೆಯೋ ಶಾಖಕ್ಕೆ ಕಾಲು ಡಿಗ್ರಿ ಸೆಲ್ಸಿಯಸ್ ಕೂಡ ಇಳಿಯಲ್ಲ. ಅಂದ್ರೆ ಈ ಐಸ್ ನಾಲಿಗೆಗೆ ಖುಷಿ, ಹೊಟ್ಟೆಗೆ ಒಂದಿಷ್ಟು ನೀರು, ಬೇಸರ ಹಿಡಿದ ಮಧ್ಯಾಹ್ನಕ್ಕೆ ಹತ್ತು ನಿಮಿಷದ ಕೆಲಸ. ಬಿಸಿಲು ಬಡಿದದ್ದಕ್ಕೆ ಇದು ಮದ್ದಲ್ಲ.

ಇದನ್ನ ದಯವಿಟ್ಟು ಗಟ್ಟಿಯಾಗಿ ಕೇಳಿಸ್ಕೊಳ್ಳಿ. ನಾಯಿ ಬೆವರೋದು ಪಾದದ ಅಡಿಯಲ್ಲಿ ಅಷ್ಟೇ, ಮಿಕ್ಕಿದ್ದಕ್ಕೆ ಏದುಸಿರೇ ಗತಿ. ಅದರ ಮೈಬಿಸಿ ಸಹಜವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದ್ರೆ ಅಪಾಯ. ಏದುಸಿರು ನಿಲ್ತಾ ಇಲ್ಲ, ಜೊಲ್ಲು ಅಂಟಾಗಿದೆ, ಕಾಲು ತೊಡರ್ತಿದೆ ಅಂದ್ರೆ ಬಾಯಿಗೆ ಐಸ್ ತುರುಕಬೇಡಿ. ನೆರಳಿಗೆ ಎಳೀರಿ, ಮೈಮೇಲೆ ನೀರು ಸುರೀರಿ, ಫ್ಯಾನ್ ಹಾಕಿ, ಆಮೇಲೆ ಆಟೋ ಹತ್ತಿಸಿ. ಮೊದಲು ತಂಪು, ಆಮೇಲೆ ಪ್ರಯಾಣ. ಮೂತಿ ಚಪ್ಪಟೆ ಇರೋ ಪಗ್‌ಗಳಿಗೆ ಉಸಿರಾಡೋ ದಾರಿನೇ ಇಕ್ಕಟ್ಟು, ಬಿಸಿಲು ಹತ್ತಿದ ಮೇಲೆ ಅವನ್ನ ಹೊರಗೆ ತರಲೇಬೇಡಿ. ತಣ್ಣೀರು ಕುಡಿದ್ರೆ ಹೊಟ್ಟೆ ತಿರುಚಿ ನಾಯಿ ಸಾಯುತ್ತೆ ಅಂತ ಫೋನಲ್ಲಿ ಸುತ್ತೋ ಮಾತಿಗೆ ಮಾತ್ರ ಆಧಾರ ಇಲ್ಲ. ಗಬಗಬ ಅಂತ ಒಂದೇ ಸಲ ಬಕೆಟ್ ಖಾಲಿ ಮಾಡೋಕೆ ಬಿಡಬಾರದು, ಅಷ್ಟೇ.

ಎಷ್ಟು ಕೊಡಬಹುದು? ತಿಂಡಿ ತಿನಿಸೆಲ್ಲಾ ಸೇರಿ ದಿನದ ಆಹಾರದ ಹತ್ತನೇ ಒಂದು ಪಾಲು ಮೀರಬಾರದು. ದೊಡ್ಡ ನಾಯಿಗೆ ಎರಡು ಬಿಲ್ಲೆ, ಸಣ್ಣದಕ್ಕೆ ಅರ್ಧ. ಕರೆಂಟ್ ಹೋಗಿ ಪೂರ್ತಿ ಕರಗಿ ಮತ್ತೆ ಗಟ್ಟಿಯಾದದ್ದನ್ನ ಗಿಡದ ಬುಡಕ್ಕೆ ಹಾಕಿ. ಫ್ರೀಜರ್ ಕ್ರಿಮಿಗಳನ್ನ ಮಲಗಿಸುತ್ತೆ, ಕೊಲ್ಲಲ್ಲ. ಬೀದಿನಾಯಿಗಳಿಗೂ ಕೊಡೋ ಮನಸ್ಸಿದ್ರೆ ಒಂದೊಂದಕ್ಕೆ ದೂರ ದೂರ ಇಡಿ, ಒಂದೇ ತಟ್ಟೆ ಇಟ್ರೆ ಜಗಳ ಖಂಡಿತ. ನನ್ನ ಕೇಳಿದ್ರೆ, ಅವಕ್ಕೆ ಗೇಟಿನ ಹೊರಗೆ ನೆರಳಲ್ಲೊಂದು ಮಣ್ಣಿನ ಬಾನಿ, ದಿನಾ ತೊಳೆದು ತುಂಬಿಸಿದ ನೀರು, ಐಸ್‌ಗಿಂತ ಹೆಚ್ಚು ಉಪಕಾರ.

ಥರ್ಮಾಕೋಲ್ ಡಬ್ಬಿ ತೆಗೀತೀನಿ ಈಗ, ಇಪ್ಪತ್ತು ಬಿಲ್ಲೆ ಇದೆ. ಹಿಂದಿನ ಸಾಲಲ್ಲಿ ಆಗ್ಲೇ ಮೂಗೆತ್ತಿ ಕೂತಿರೋ ಲ್ಯಾಬ್ರಡಾರ್‌ನಿಂದ ಶುರು ಮಾಡೋಣ. ಯಜಮಾನ್ರೇ, ಹಗ್ಗ ಬಿಗಿಯಾಗಿ ಹಿಡ್ಕೊಳ್ಳಿ. ಮೊದಲು ನೀವು ಹೆಬ್ಬೆರಳ ಉಗುರು ಒತ್ತಿ ನೋಡಿ. ಇಳೀತಾ? ಸರಿ, ಹಾಗಾದ್ರೆ ಕೊಡಿ.